ಒಂದು ಹನಿ ಸಾಕು

ಒಂದೇ ಹನಿ ರಕ್ತ ಸಾಕು ಎಂದರೆ ಅತ್ತೆ ನಂಬಲಿಲ್ಲ. ಕಿಡ್ನಿ ಕಸಿಯಾದಾಗಿನಿಂದ ವಾರವಾರವೂ ಸೂಜಿಗೆ ಒಡ್ಡಿ ಅಭ್ಯಾಸವಾಗಿದ್ದ ತೋಳನ್ನು ಆಗಲೇ ಚಾಚಿದ್ದರು. ಅವಳು ನಗುತ್ತ ಆ ತೋಳನ್ನು ಮಡಚಿ, ಬೆರಳೊಂದನ್ನು ಹಿಡಿದುಕೊಂಡಳು.

ಹಾಗೆ ನೋಡಿದರೆ ಅವರು ಈಗ ಅವಳಿಗೆ ಅತ್ತೆಯಲ್ಲ. ಮದುವೆ ಮುರಿದು ವರ್ಷಗಳೇ ಆಗಿದ್ದವು. ಅವರ ಮಗನಿಗೆ ಇನ್ನೊಂದು ಮದುವೆಯಾಗಿ ಮಗುವೂ ಇತ್ತು. ಆದರೆ ಅವಳ ಪ್ರಯೋಗಾಲಯ ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲೇ ಇದ್ದುದರಿಂದ, ರಕ್ತ ಕೊಟ್ಟು ವರದಿಗೆ ಕಾಯುವ ಮಧ್ಯಾಹ್ನಗಳಲ್ಲಿ ಅತ್ತೆ ಅಲ್ಲಿಗೆ ಬಂದುಬಿಡುತ್ತಿದ್ದರು. ಕ್ಯಾಂಟೀನಿನ ಕಿಟಕಿಯ ಬಳಿ ಕೂತು ಇಬ್ಬರೂ ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದರು. ಮಗನ ಮಾತು ಎತ್ತುತ್ತಿರಲಿಲ್ಲ. ಅವಳ ಅಂಗಿಯ ಕಿತ್ತ ಗುಂಡಿ, ನಿದ್ದೆಗೆಟ್ಟ ಕಣ್ಣು, ಇಂಥವನ್ನೇ ಗದರುವ ದನಿಯಲ್ಲಿ ವಿಚಾರಿಸುತ್ತಿದ್ದರು. ಅವರು ಬಸ್ಸಿನಲ್ಲಿ ಜೋತುಬಿದ್ದು ಬರುವುದನ್ನು ನೋಡಲಾರದೆಯೇ ಅವಳು, ಒಂದೇ ಹನಿಯಲ್ಲಿ ರಕ್ತ ಪರೀಕ್ಷಿಸುವ ಯಂತ್ರ ಮಾಡುವ ಈ ಕೆಲಸಕ್ಕೆ ಕೈಹಾಕಿದ್ದು.

ಅಂಗೈಯಗಲದ ಯಂತ್ರದೊಳಗೆ ಏನಿದೆ ಎಂದು ಅತ್ತೆ ಕೇಳಿದರು.

"ಡಿಎನ್‌ಎ ಎಳೆಗಳು. ಮಡಚಿ ಇಟ್ಟಿದೀವಿ. ಕಸಿ ಮಾಡಿದ ಕಿಡ್ನಿ ಉಳಿಸೋಕೆ ನೀವು ತಗೊಳ್ಳೋ ಔಷಧಿಯ ಕಣ ಬಂದು ಹಿಡ್ಕೊಂಡ್ರೆ ಮಾತ್ರ ಬಿಚ್ಕೊಳ್ತವೆ. ಎಷ್ಟು ಬಿಚ್ಕೊಂಡ್ವು ಅನ್ನೋದರ ಮೇಲೆ, ರಕ್ತದಲ್ಲಿ ಔಷಧಿ ಎಷ್ಟಿದೆ ಅಂತ ಗೊತ್ತಾಗತ್ತೆ."

"ಬೇರೆ ಏನಾದ್ರೂ ಬಂದು ಹಿಡ್ಕೊಂಡ್ರೆ?"

"ಜಪ್ಪಯ್ಯ ಅಂದ್ರೂ ಬಿಚ್ಚಲ್ಲ."

"ಹಠಮಾರಿಗಳು. ಥೇಟ್ ನಿನ್ನ ಹಾಗೇ."

ಎರಡನೆಯ ಸಲಕ್ಕೇ ಅತ್ತೆ ಎಲ್ಲವನ್ನೂ ಕಲಿತುಬಿಟ್ಟರು. ಬೆರಳು ಚುಚ್ಚಿಕೊಂಡು, ಹನಿಯನ್ನು ಯಂತ್ರದ ಪಟ್ಟಿಗೆ ಮುಟ್ಟಿಸಿ, ಅಂಕಿ ಮೂಡುವುದನ್ನು ಕಣ್ಣು ಕಿರಿದುಮಾಡಿ ನೋಡಿದರು. ಆಮೇಲೆ, ಹಾಗಾದರೆ ಇನ್ನು ಇಲ್ಲಿಗೆ ಬರುವುದು ಬೇಡವೇ ಎಂದು ಮೆಲ್ಲಗೆ ಕೇಳಿದರು. ಬೇಡ, ಮನೆಯಲ್ಲೇ ಆಗುತ್ತದೆ, ಅಂಕಿ ತಾನಾಗಿಯೇ ಇಲ್ಲಿಗೆ ಬರುತ್ತದೆ ಎಂದಳು ಅವಳು. ಹೇಳುತ್ತಿದ್ದಂತೆ, ತಾನು ಇಷ್ಟು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದ್ದೇನು ಎಂಬುದು ಅವಳಿಗೆ ಮೊದಲ ಬಾರಿಗೆ ಹೊಳೆಯಿತು.

ಅತ್ತೆ ಸೆರಗಿನಿಂದ ಯಂತ್ರವನ್ನು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. "ಒಳ್ಳೇ ಕೆಲಸ ಮಾಡಿದೀಯ ಕಣೆ" ಎಂದರು.

ಮುಂದಿನ ವಾರ ಅವಳು ಕ್ಯಾಂಟೀನಿಗೆ ಹೋಗಿ, ಊಟ ಸೇರದೆ ಎದ್ದು ಬಂದಳು. ಅತ್ತೆಯ ಅಂಕಿ ಕಂಪ್ಯೂಟರಿನ ಪರದೆಯ ಮೇಲೆ ಬಂದು ಕೂತಿತ್ತು. ಔಷಧಿ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅಷ್ಟರಲ್ಲಿ ಫೋನ್ ಬಂತು.

ಅತ್ತೆ ದನಿ ತಗ್ಗಿಸಿ, ಅಂಕಿ ಬಂತೋ ಇಲ್ಲವೋ ಎಂದು ವಿಚಾರಿಸಿದರು. ಹಿಂದಿನಿಂದ ಮಗುವೊಂದು ಅಜ್ಜೀ ಎಂದು ಕೂಗಿತು. ಆ ದನಿಯನ್ನು ಅವಳು ಕೇಳಿದ್ದು ಅದೇ ಮೊದಲು. ಅತ್ತೆ ಫೋನಿಗೆ ಅಂಗೈ ಮುಚ್ಚಿದಂತಾಯಿತು. ಒಂದು ಬಾಗಿಲು ಹಾಕಿಕೊಂಡ ಸದ್ದು.

"ಬೇಕಾದ್ರೆ ನಾನೇ ಓದ್ತೀನಿ" ಎಂದರು ಅತ್ತೆ.

"ಓದಿ ಅತ್ತೆ."

ಅವರು ಓದಿದರು. ಅವಳು ಪರದೆಯತ್ತ ಬೆನ್ನು ಮಾಡಿ ಕೂತಳು.

"ಸರಿಯಾಗಿ ಕೇಳಿಸಲಿಲ್ಲ. ಇನ್ನೊಂದ್ಸಲ."

ಅತ್ತೆ ಮತ್ತೆ ಮೊದಲಿನಿಂದ, ಒಂದೊಂದೇ ಅಂಕಿಯಾಗಿ, ನಿಧಾನವಾಗಿ ಓದತೊಡಗಿದರು.