ಲಾಂಡ್ರಿಯಲ್ಲಿ ಎಂಟು ವಾರ

ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಬೆಳಗ್ಗೆ ಏಳಕ್ಕೇ ಹಬೆ ತುಂಬಿಕೊಳ್ಳುತ್ತಿತ್ತು. ಹನ್ನೊಂದು ಹೆಂಗಸರು ಉದ್ದನೆಯ ಮೇಜುಗಳ ಮುಂದೆ ನಿಂತು ಬೆಡ್‌ಶೀಟುಗಳಿಗೆ ಇಸ್ತ್ರಿ ಹಾಕುತ್ತಿದ್ದರು. ಸಂಜೆಯವರೆಗೂ ನಿಂತೇ ಇರಬೇಕು. ಗಳಿಗೆ ಹೊತ್ತು ಕೂತರೆ ಮೇಲ್ವಿಚಾರಕನ ಬಾಯಲ್ಲಿ ಸೋಮಾರಿಗಳಾಗುತ್ತಿದ್ದರು.

ಡಿಗ್ರಿ ಕೊನೆಯ ವರ್ಷದ ಹುಡುಗಿಯೊಬ್ಬಳು ಕಾರ್ಮಿಕ ಸಂಘದ ಕಡೆಯಿಂದ ಎಂಟು ವಾರಗಳ ಇಂಟರ್ನ್‌ಶಿಪ್‌ಗೆಂದು ಅಲ್ಲಿಗೆ ಬಂದಳು. 'ಸಾಮಾಜಿಕ ನ್ಯಾಯಕ್ಕೆ ಯುವ ನಾಯಕತ್ವ' ಎಂದು ಅದಕ್ಕೆ ಹೆಸರು. ಆಯ್ಕೆಯ ಪತ್ರವನ್ನು ಮನೆಮಂದಿಗೆಲ್ಲ ಎರಡೆರಡು ಸಲ ಓದಿ ಹೇಳಿದ್ದಳು. ಇಪ್ಪತ್ತಾರು ವರ್ಷ ಕಳೆದು ಅದೇ ಸಂಘದ ಕಾರ್ಯದರ್ಶಿಯಾಗಿರುವ ಈಗಲೂ, ಎಲ್ಲಿಂದಲೋ ಬಿಸಿ ಇಸ್ತ್ರಿಯ ವಾಸನೆ ಬಂದರೆ, ಅಂದಿನ ಜಂಬ ನೆನಪಾಗಿ ಅವಳಿಗೆ ನಗು ಬರುತ್ತದೆ.

ಮೂರನೆಯ ವಾರ ಅವಳು ಐದು ಪುಟಗಳ ಮನವಿ ಬರೆದು ಹೆಂಗಸರ ಮುಂದೆ ಓದಿದಳು. ಫ್ಯಾನು, ಬೆಳಕು, ಗೋಡೆಗೆ ಬಣ್ಣ.

ಎಲ್ಲರಿಗಿಂತ ಹಿರಿಯಳಾದ ಇಸ್ತ್ರಿ ಅಕ್ಕ ಮೆಲ್ಲಗೆ ಕೇಳಿದಳು, "ಚೆನ್ನಾಗಿ ಬರ್ದಿದೀಯ ಕಣಮ್ಮ. ಆದ್ರೆ ಬಣ್ಣ ಬೇಕು ಅಂತ ಯಾರು ಹೇಳಿದ್ರು?"

"ಮತ್ತೆ ನಿಮಗೆ ಬೇಕಾಗಿರೋದು ಏನಕ್ಕ?"

"ಕೂರೋಕೆ ಜಾಗ." ಅಕ್ಕ ಕಾಲುಚೀಲ ಜಾರಿಸಿದಳು. ಮೀನಖಂಡದ ನರಗಳು ಹಗ್ಗದಂತೆ ಉಬ್ಬಿದ್ದವು. "ಹದಿನಾಲ್ಕು ವರ್ಷದಿಂದ ನಿಂತಿದೀನಿ."

ಹುಡುಗಿಯ ಮುಖ ಸಣ್ಣದಾಯಿತು. ಮನವಿಯನ್ನೇನೋ ಬದಲಿಸಿದಳು. ಆದರೆ ಆಸ್ಪತ್ರೆಯ ಆಡಳಿತಾಧಿಕಾರಿಯ ಮುಂದೆ ಅದನ್ನು ಓದುವವಳು ತಾನೇ ಎಂದು ಕನ್ನಡಿಯ ಮುಂದೆ ಅಭ್ಯಾಸ ಮಾಡುವುದನ್ನು ಬಿಡಲಿಲ್ಲ.

ಆ ವಾರವೇ ಹೆಂಗಸರೆಲ್ಲ ಅವಳ ಜೊತೆ ಹೋದರು. ಆಡಳಿತಾಧಿಕಾರಿಯ ಕೋಣೆಯಲ್ಲಿ ಅತಿಥಿಗಳಿಗೆಂದು ಇದ್ದದ್ದು ಒಂದೇ ಕುರ್ಚಿ. ಆತ ಮನವಿಯ ಮೇಲೆ ಕಣ್ಣಾಡಿಸಿ ಕುರ್ಚಿಯನ್ನು ಹುಡುಗಿಗೆ ತೋರಿಸಿದ. "ಕೂತ್ಕೊಳ್ಳಿ, ನೀವು ಓದಿದೋರು. ಇವ್ರಿಗೆಲ್ಲ ಮಾತು ಬರಲ್ಲ, ನೀವೇ ಹೇಳಿ. ನನ್ನ ಕಷ್ಟಾನೂ ಕೇಳಿ. ಕೂತು ಕೆಲಸ ಮಾಡಿದ್ರೆ ನಿಧಾನ ಆಗುತ್ತೆ. ಬೆಡ್‌ಶೀಟ್ ಇಲ್ಲ ಅಂತ ರೋಗಿಗೆ ಕಾಯಿ ಅನ್ನೋಕಾಗುತ್ತಾ?"

ಇದಕ್ಕೆ ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಬದಿಯಲ್ಲಿ ನಿಂತಿದ್ದ ಅಕ್ಕ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸಿದ್ದು ಕಂಡಿತು. ಹುಡುಗಿ ಎದ್ದಳು.

"ಸಾರ್, ನಾನು ನೋಡಿರೋದು ಬರೀ ಮೂರು ವಾರ. ಅಕ್ಕ, ಬನ್ನಿ. ನೀವೇ ಕೂತು ಹೇಳಿ."

ಅಕ್ಕ ಕುರ್ಚಿಯ ಅಂಚಿನಲ್ಲಿ ಕೂತಳು. ಸೆರಗು ಸರಿಮಾಡಿಕೊಂಡಳು. ಆಮೇಲೆ ಹೇಳಿದಳು, "ಮಧ್ಯಾಹ್ನದ ಮೇಲೆ ಕಾಲು ಮರಗಟ್ಟುತ್ತೆ ಸಾರ್. ಬಟ್ಟೆ ಸುಡೋದೂ ಆಗಲೇ. ಮಡಿಚೋ ಕೆಲಸಾನ ಸರದಿ ಮೇಲೆ ಕೂತು ಮಾಡ್ತೀವಿ. ಬೆಡ್‌ಶೀಟ್ ತಡ ಆದ್ರೆ ನನ್ನನ್ನ ಕೇಳಿ."

ಆತ ಮನವಿಯನ್ನು ಹತ್ತಿರಕ್ಕೆ ಎಳೆದುಕೊಂಡು ಪೆನ್ನಿನ ಕ್ಯಾಪು ತೆಗೆದ.

ಎರಡು ವಾರದ ಮೇಲೆ ಆರು ಸ್ಟೂಲುಗಳು ಬಂದವು. ಮೇಲ್ವಿಚಾರಕ ಗೊಣಗುತ್ತಲೇ ಇಳಿಸಿದ.

ಇಂಟರ್ನ್‌ಶಿಪ್‌ನ ಕೊನೆಯ ದಿನ ಹುಡುಗಿ ಹೋದಾಗ ಅಕ್ಕ ಎಲ್ಲರಿಗಿಂತ ಕಿರಿಯಳನ್ನು ಎದುರಿಗೆ ನಿಲ್ಲಿಸಿಕೊಂಡಿದ್ದಳು. "ಇನ್ನೂ ಐದು ಸ್ಟೂಲು ಬೇಕಲ್ಲ, ಈ ಸಲ ನೀನು ಕೇಳ್ತೀಯ."

"ಅಯ್ಯೋ, ನನ್ನ ಕೈಲಾಗಲ್ಲಕ್ಕ!"

"ನನ್ನ ಕೈಲಿ ಆಗ್ತಿತ್ತಾ? ಈಗ ನಾನೇ ಸಾಹೇಬ್ರು. ಹ್ಞೂಂ, ಶುರು ಮಾಡು." ಅಕ್ಕ ಗದ್ದ ಮೇಲೆತ್ತಿ ಥೇಟ್ ಆಡಳಿತಾಧಿಕಾರಿಯಂತೆ ಕೂತಳು. ಲಾಂಡ್ರಿಗೆ ಲಾಂಡ್ರಿಯೇ ನಕ್ಕಿತು.

ಕಿರಿಯಳು ಕೈ ಒರೆಸಿಕೊಂಡು "ಸಾರ್..." ಎಂದು ಶುರುಮಾಡಿದಳು.

ಹುಡುಗಿಯನ್ನು ಯಾರೂ ಏನೂ ಕೇಳಲಿಲ್ಲ. ಅವಳು ಇನ್ನೂ ಬಿಸಿಯಾಗಿದ್ದ ಬೆಡ್‌ಶೀಟೊಂದರ ತುದಿ ಹಿಡಿದು ಮಡಿಚಲು ನಿಂತಳು.