ಚಾಡಿ ತಗಡು

ಬ್ರೇಕ್ ಹೋಗಿ ಇಳಿಜಾರಿನಲ್ಲಿ ನುಗ್ಗಿ ಬರುತ್ತಿದ್ದ ಇಪ್ಪತ್ತು ಟನ್ನಿನ ಲಾರಿಯನ್ನು ಬುರುಡೆ ಮೇಸ್ತ್ರಿ ಎಡಗೈ ಚಾಚಿ ನಿಲ್ಲಿಸಿದ. ಬಲಗೈಯಲ್ಲಿ ಟೀ ಲೋಟವಿತ್ತು; ಒಂದು ಹನಿಯೂ ಚೆಲ್ಲಲಿಲ್ಲ. ಆ ಲಾರಿ ಮುಂದೆ ಗುಜರಿಗೆ ಹೋಗುವಾಗಲೂ ಅದರ ಮೂತಿಯ ಮೇಲೆ ಅವನ ಅಂಗೈಯ ಐದು ಬೆರಳೂ ಮೂಡಿದ್ದವು.

ಇದನ್ನು ಗ್ಯಾರೇಜಿನಲ್ಲಿ ಒಬ್ಬನೂ ನಂಬುತ್ತಿರಲಿಲ್ಲ. ಆದರೆ ವಾರಕ್ಕೊಮ್ಮೆ ಕೇಳದಿದ್ದರೆ ಒಬ್ಬನಿಗೂ ಅನ್ನ ಸೇರುತ್ತಿರಲಿಲ್ಲ. ಹೇಳಿದಾಗಲೆಲ್ಲ ಲಾರಿಯ ತೂಕ ಎರಡು ಟನ್ ಏರುತ್ತಿತ್ತು, ಟೀ ಇನ್ನಷ್ಟು ಬಿಸಿಯಾಗುತ್ತಿತ್ತು. ಹಾಗೆಂದೇ ಅವನು ಬುರುಡೆ ಮೇಸ್ತ್ರಿ. ಅವನ ಕಿವಿ ಮಾತ್ರ ಬುರುಡೆಯಲ್ಲ. ತಿರುವಿನಲ್ಲಿ ಗಾಡಿ ನಿಧಾನಿಸಿದ ಸದ್ದು ಕೇಳಿಯೇ, "ಮುಂದಿನ ಎಡಗಡೆ ಪ್ಯಾಡು, ಇನ್ನು ಉಗುರಿನಷ್ಟು ಐತೆ" ಎನ್ನುತ್ತಿದ್ದ. ಚಕ್ರ ಬಿಚ್ಚಿದರೆ ಅಷ್ಟೇ ಇರುತ್ತಿತ್ತು. "ಬೆಟ್ಟ ಹತ್ಸೋದು ಇಂಜಿನ್ ಕೆಲಸ, ಅದನ್ನ ಕತ್ತೆನೂ ಮಾಡುತ್ತೆ. ಇಳಿಸೋದು ನನ್ ಕೆಲಸ" ಎಂದು ಮೀಸೆಗೆ ಗ್ರೀಸು ಹಚ್ಚಿಕೊಳ್ಳುತ್ತಿದ್ದ.

ಅವತ್ತು ಮಧ್ಯಾಹ್ನ ಬಿಳಿ ಎಸ್‌ಯುವಿಯೊಂದು ಕಿರುಚುತ್ತಾ ಬಂದು ನಿಂತಿತು. ಏಳು ಸೀಟಿನ ಗಾಡಿ. ಅದರ ಒಡೆಯ ಇಟ್ಟಿಗೆ ಗೂಡುಗಳ ಸಾಹೇಬ. ಅವನ ಹೊಟ್ಟೆ ಇಳಿದು ಕಾಲು ಗಂಟೆಯಾದ ಮೇಲೆ ಅವನು ಇಳಿದ. ಓಡಿಸಿಕೊಂಡು ಬಂದವನು ಬುರುಡೆಯ ತಂಗಿಯ ಗಂಡ. ಸೀಟುಗಳಿಗೆಲ್ಲ ಹೊಸ ಚರ್ಮ. ಡ್ರೈವರ್ ಕೂರುವ ಜಾಗಕ್ಕೆ ಮಾತ್ರ ಅದರ ಮೇಲೊಂದು ಪ್ಲಾಸ್ಟಿಕ್ ಹಾಳೆ.

ಬುರುಡೆ ಬಾಗಿಲು ತೆರೆದು ಒಂದು ಕಾಲು ಒಳಗಿಟ್ಟಿದ್ದನಷ್ಟೆ.

"ಏಯ್! ಸೀಟಿಗೆ ಕುಂಡಿ ತಾಗಿಸಬೇಡ್ವೋ ಬೋಳಿಮಗನೆ!"

"ಒಂದ್ ಸುತ್ತು ಓಡ್ಸಿ ನೋಡ್ಬೇಕು ಸಾರ್. ಪೆಡಲ್ ಎಷ್ಟು ಕೆಳಗೆ ಹೋಗುತ್ತೆ ಅಂತ..."

"ಓಡ್ಸೋಕೆ ನಿಮ್ಮಪ್ಪ ಕೊಡ್ಸಿದ್ನಾ? ನೆಲದ ಮೇಲೆ ಬಿದ್ಕೊಂಡು ನೋಡು. ನಿಮ್ ಜನಕ್ಕೆ ಅದೇ ಸರಿ."

ಬುರುಡೆ ಬಿದ್ದುಕೊಂಡ. ಸಾಹೇಬ ಡ್ರೈವರಿನ ಕಡೆ ತಿರುಗಿ, "ನೀನೇನ್ ಬಾಯ್ ಬಿಟ್ಕೊಂಡು ನಿಂತಿದೀಯಾ? ಹೋಗಿ ತಣ್ಣಗಿರೋ ನೀರು ತಗೊಂಡು ಬಾ" ಎಂದು ಓಡಿಸಿದ.

ಚಕ್ರ ಕಳಚಿತು. ಪ್ಯಾಡು ಉಗುರಿನಷ್ಟೂ ಉಳಿದಿರಲಿಲ್ಲ; ಉಗುರಿನ ಅಂಚಿನಷ್ಟಿತ್ತು. ಡಿಸ್ಕಿನ ಮೇಲೆ ಬೆರಳಾಡಿಸಿದರೆ ಗೀರುಗಳು ಚರ್ಮ ಕೊಯ್ಯುವಂತಿದ್ದವು. ಬ್ರೇಕ್ ಎಣ್ಣೆ ಮಸಿನೀರಾಗಿತ್ತು. ಪ್ಯಾಡಿನ ಬೆನ್ನಿಗೆ ಅಂಟಿದ ಪುಟ್ಟ ಉಕ್ಕಿನ ಪಟ್ಟಿ ಡಿಸ್ಕಿಗೆ ತಾಗಿ ಮಿರಮಿರ ಹೊಳೆಯುತ್ತಿತ್ತು. ಅದರ ಕೆಲಸ ಅದೊಂದೇ: ಪ್ಯಾಡು ಸವೆದಾಗ ಡಿಸ್ಕನ್ನು ಮುಟ್ಟಿ ಕಿರುಚುವುದು, ಸಾಯುತ್ತೀರಿ ಎಂದು ಹೇಳುವುದು. ಗ್ಯಾರೇಜಿನವರು ಅದನ್ನು ಚಾಡಿ ತಗಡು ಎನ್ನುತ್ತಿದ್ದರು.

"ಪ್ಯಾಡು, ಡಿಸ್ಕು, ಎಣ್ಣೆ ಎಲ್ಲಾ ಹೊಸದು ಹಾಕ್ಬೇಕು ಸಾರ್. ಈ ಗಾಡಿ ಸಾಮಾನು ಬರೋಕೆ ಎರಡ್ ದಿನ ಆಗುತ್ತೆ."

"ಎರಡ್ ದಿನ? ನಾಳೆ ಬೆಳಿಗ್ಗೆ ಬೀಗರನ್ನ ಕೂರಿಸ್ಕೊಂಡು ಬೆಟ್ಟಕ್ಕೆ ಹೋಗ್ಬೇಕು. ಹಂದಿ ಕುಯ್ದಂಗೆ ಕಿರುಚುತ್ತೆ, ನನ್ ಮಾನ ಹೋಗುತ್ತೆ. ಸದ್ದು ನಿಲ್ಸು. ಅಷ್ಟೇ ಹೇಳಿದ್ದು."

"ಸದ್ದು ನಿಲ್ಸಬಹುದು ಸಾರ್. ಗಾಡಿ ನಿಲ್ಲಲ್ಲ. ಬೆಟ್ಟ ಇಳಿಯುವಾಗ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

ಸಾಹೇಬ ಹಲ್ಲಿನ ಸಂದಿಯಿಂದ ಏನನ್ನೋ ತೆಗೆದು ನೋಡಿ, ಬೆರಳನ್ನು ಬುರುಡೆಯ ಅಂಗಿಗೆ ಒರೆಸಿದ.

"ಆದ್ರೆ ಡ್ರೈವರ್ ಇದಾನಲ್ಲ. ಹೋದ ವರ್ಷದವನು ಮೂಳೆ ಮುರ್ಕೊಂಡು ಇನ್ನೂ ಜೈಲಲ್ಲಿ ಮುದ್ದೆ ಮುರೀತಿದಾನೆ. ಕುಡಿದಿದ್ದ ಅಂತ ಬರ್ಕೊಂಡ್ರು. ಕುಡೀದೆ ಇರೋ ಡ್ರೈವರ್ ಎಲ್ಲಿದಾನೆ ಹೇಳು?"

ಗ್ಯಾರೇಜಿನ ಮಾಲೀಕ ಬಂದು ಬುರುಡೆಯ ತಲೆಯ ಹಿಂದಕ್ಕೆ ಫಟ್ಟನೆ ಬಾರಿಸಿದ. "ಸಾಹೇಬ್ರಿಗೆ ಎದುರುತ್ತರ ಕೊಡ್ತೀಯೇನೋ ನನ್ ಮಗನೆ? ಹೇಳಿದ್ದು ಮಾಡು. ಆಗಲ್ಲ ಅಂದ್ರೆ ಸ್ಪ್ಯಾನರ್ ಅಲ್ಲಿಟ್ಟು ನಡಿ."

ಆಗ ಬುರುಡೆ ಎದ್ದು ನಿಂತ. ಅವನು ಎದ್ದ ರಭಸಕ್ಕೆ ಗ್ಯಾರೇಜಿನ ತಗಡಿನ ಮಾಡು ಒಂದು ಗೇಣು ಮೇಲೆದ್ದಿತು. ಚಕ್ರದ ಸ್ಪ್ಯಾನರನ್ನು ಎತ್ತಿ ಸಾಹೇಬನ ಮೂಗಿನ ನೇರಕ್ಕೆ ಹಿಡಿದು, "ನನ್ ತಂಗಿ ಗಂಡನ ಜೀವ ನಿನ್ ಸೀಟಿನ ಚರ್ಮಕ್ಕಿಂತ ಅಗ್ಗ ಆಯ್ತೇನೋ?" ಎಂದ. ಸಾಹೇಬ ಗಡಗಡ ನಡುಗುತ್ತಾ ಟಯರಿನ ರಾಶಿಯ ಮೇಲೆ ಹತ್ತಿ ಕೈ ಮುಗಿದ. ಮಾಲೀಕ ತಾನೇ ಓಡಿಹೋಗಿ ಎಲ್ಲಿಂದಲೋ ಹೊಸ ಪ್ಯಾಡು ತಂದ. ಬುರುಡೆ ಒಂದೇ ಕೈಯಲ್ಲಿ ನಾಲ್ಕೂ ಚಕ್ರ ಮುಗಿಸಿದ.

"ಇನ್ನೊಂದ್ ಕೈಯಲ್ಲಿ ಟೀ ಇತ್ತಾ ಅಣ್ಣಾ?" ಎಂದು ತಂಗಿ ಕೇಳಿದಳು.

ಸಂಜೆ ಅವಳ ಮನೆಯ ಒಂದೇ ಕೋಣೆಯಲ್ಲಿ, ಬಾಗಿಲ ಚೌಕಟ್ಟಿಗೆ ಒರಗಿ ಉಣ್ಣುತ್ತಾ, ಅವನು ಇದೆಲ್ಲ ಹೇಳಿ ಮುಗಿಸಿದ್ದ. ಟಯರಿನ ರಾಶಿಯನ್ನು ಅವಳು ನಂಬಲಿಲ್ಲ. ಅವಳ ಗಂಡ ನಂಬಬೇಕಾದದ್ದನ್ನು ನಂಬಿದ.

"ಹೊಸ ಪ್ಯಾಡು ಹಾಕಿದ್ಯಾ ಭಾವ? ಅದಕ್ಕೇ ಸದ್ದೇ ಇಲ್ಲ. ನಂಗೆ ಒಂದ್ ತಿಂಗಳಿಂದ ನಿದ್ದೆ ಇರ್ಲಿಲ್ಲ. ನಾಳೆ ಇವಳನ್ನೂ ಬರೋಕೆ ಹೇಳಿದಾರೆ, ಬೀಗರ ಮನೆ ಮಕ್ಕಳನ್ನ ಎತ್ಕೊಳ್ಳೋಕೆ. ಹಿಂದೆ ಸಾಮಾನಿನ ಜೊತೆ ಕೂತ್ಕೊಳ್ತಾಳೆ."

ಬುರುಡೆಯ ಬಾಯಿಗೆ ಹೋಗುತ್ತಿದ್ದ ತುತ್ತು ದಾರಿಯಲ್ಲೇ ನಿಂತಿತು.

"ಇವಳ್ಯಾಕೆ?"

"ಹೋಗಲಿ ಬಿಡಣ್ಣ, ನಾನೂ ಒಂದ್ಸಲ ಬೆಟ್ಟ ನೋಡ್ದಂಗಾಯ್ತು. ಆ ಅಂಗಿ ಬಿಚ್ಚಿ ಕೊಡು, ಸಾಹೇಬ ಕೈ ಒರೆಸಿದ್ದು ಅಂತೀಯ. ಒಗೆದು ಹಾಕ್ತೀನಿ. ಇವರದೊಂದು ಹಾಕ್ಕೊಂಡು ಹೋಗು."

ಭಾವಮೈದುನನ ಅಂಗಿ ತೊಟ್ಟು ಅವನು ಮನೆಗೆ ಹೋದ. ಹೇಳಿಬಿಡಬೇಕೆಂದು ಮೂರು ಸಲ ತಿರುಗಿ ಬಂದ, ಮೂರು ಸಲವೂ ಬೀದಿಯ ತುದಿಯಿಂದಲೇ ವಾಪಸಾದ. ಇಡೀ ಲೋಕಕ್ಕೆ ಸುಳ್ಳು ಹೇಳಿ ದಣಿಯದ ನಾಲಿಗೆ, ಒಂದು ನಿಜದ ಭಾರಕ್ಕೆ ಬಾಯಲ್ಲಿ ಬಿದ್ದುಕೊಂಡಿತ್ತು.

ಬೆಳಿಗ್ಗೆ ಅವನು ಸಾಹೇಬನ ಮನೆಯ ಮುಂದೆ ಓಡಿ ಬಂದಾಗ ಬೀಗರೆಲ್ಲ ಹತ್ತಿ ಕೂತಿದ್ದರು. ಆ ಗೇಟು ಎಷ್ಟು ಎತ್ತರವೆಂದರೆ ಮೋಡಗಳೂ ಕಾವಲುಗಾರನನ್ನು ಕೇಳಿ ದಾಟಬೇಕು. ಅವನು ಕೇಳಲಿಲ್ಲ. ನುಗ್ಗಿ ಹೋಗಿ ಗಾಡಿಯ ಮುಂದೆ ನಿಂತು ಬಾನೆಟ್ಟಿನ ಮೇಲೆ ಎರಡೂ ಕೈ ಊರಿದ.

"ಇಳೀರಿ! ಎಲ್ರೂ ಇಳೀರಿ! ಚಕ್ರದ ನಟ್ಟು ಸಡಿಲ ಐತೆ!"

"ನಟ್ಟು ನಾನೇ ನೋಡಿದೀನಲ್ಲ ಭಾವ, ಗಟ್ಟಿ ಇದೆ" ಎಂದ ಡ್ರೈವರ್ ಕಿಟಕಿಯಿಂದ.

"ಹಂಗಾದ್ರೆ ಇಂಜಿನ್ನಲ್ಲಿ ಹಾವು ಸೇರ್ಕೊಂಡೈತೆ. ಏಳು ಹೆಡೆದು. ನಾನೇ ನೋಡ್ದೆ."

ಮುಂದಿನ ಸೀಟಿನಲ್ಲಿದ್ದ ಸಾಹೇಬ ಬೀಗರ ಕಡೆ ತಿರುಗಿ ನಕ್ಕ. "ಇವನೇ ನಾನು ಹೇಳಿದ್ನಲ್ಲ, ಒಂದೇ ಕೈಯಲ್ಲಿ ಲಾರಿ ನಿಲ್ಸಿದ ಶೂರ." ಬೀಗರೂ ನಕ್ಕರು. ಬೀಗಿತ್ತಿಯ ನಗುವಿಗೆ ಕಿಟಕಿಯ ಗಾಜು ಮಂಜಾಯಿತು. "ಏಯ್ ಡ್ರೈವರ್, ಓಡ್ಸು. ಸರಿದ್ರೆ ಸರೀಲಿ, ಸತ್ರೆ ಸಾಯ್ಲಿ ಸೂಳೆಮಗ."

ಹಿಂದಿನ ಬಾಗಿಲು ತೆರೆಯಿತು. ಸಾಮಾನಿನ ನಡುವಿನಿಂದ ತಂಗಿ ಇಳಿದು ಬಂದಳು. ಅವಳ ಹೆಬ್ಬೆರಳಿಗೆ ಬಟ್ಟೆಯ ಚೂರು ಸುತ್ತಿತ್ತು. ಸೆರಗಿನ ಗಂಟು ಬಿಚ್ಚಿ, ಹೊಳೆಯುವ ಎರಡು ಉಕ್ಕಿನ ಚೂರುಗಳನ್ನು ಅಂಗೈಯಲ್ಲಿಟ್ಟು ಚಾಚಿದಳು.

"ಅಂಗಿ ಒಗೆಯುವಾಗ ನಿನ್ ಜೇಬಲ್ಲಿ ಇದು ಚುಚ್ತು. ಇದು ಯಾವ ಗಾಡೀದಣ್ಣ?"

ಡ್ರೈವರ್ ಕತ್ತು ಚಾಚಿ ನೋಡಿದ. ಹತ್ತು ವರ್ಷ ಗಾಡಿ ಓಡಿಸಿದವನಿಗೆ ಚಾಡಿ ತಗಡನ್ನು ಯಾರೂ ಪರಿಚಯ ಮಾಡಿಸಬೇಕಿರಲಿಲ್ಲ. ಅವನು ಇಂಜಿನ್ ಆರಿಸಿದ.

"ಈ ಗಾಡೀದೇ" ಎಂದ ಬುರುಡೆ. "ಹೊಸ ಪ್ಯಾಡು ಹಾಕಿಲ್ಲ. ಸ್ಪ್ಯಾನರ್ ಎತ್ತಲಿಲ್ಲ. ಮಾಲೀಕ ತಲೆಗೆ ಹೊಡ್ದ, ನಾನು ಇಕ್ಕಳ ತಗೊಂಡು ಎರಡೂ ಚಕ್ರದಿಂದ ಇದನ್ನ ಮುರ್ದೆ. ಪ್ಯಾಡಿನ ಬೆನ್ನಿಗೆ ಗ್ರೀಸ್ ಬಳ್ದೆ. ಸಾಹೇಬ್ರು ಸದ್ದು ನಿಲ್ಸು ಅಂದ್ರು, ನಿಲ್ಸಿದೆ. ಏನಾದ್ರೂ ಆದ್ರೆ ಅಂದಿದ್ದಕ್ಕೆ ಡ್ರೈವರ್ ಇದಾನಲ್ಲ ಅಂದ್ರು. ಹೊರಡೋದು ಹೊರಡುತ್ತೆ ಗಾಡಿ. ಇಳಿಯುವಾಗ ಎರಡನೇ ತಿರುವಲ್ಲಿ ಪೆಡಲ್ ನೆಲಕ್ಕೆ ಹೋಗುತ್ತೆ."

"ಬುರುಡೆ!" ಸಾಹೇಬ ಅರಚಿದ. "ಬರೀ ಬುರುಡೆ! ಬ್ರೇಕಿಗೆ ಏನೂ ಆಗಿಲ್ಲ, ಕಲ್ಲಿನಂಗಿದೆ. ಏನೋ ನೋಡ್ತೀಯಾ ಡ್ರೈವರ್? ಗಾಡಿ ತೆಗಿ!"

ಡ್ರೈವರ್ ಇಳಿದ. ಸೀಟಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಎಳೆದು, ನೀಟಾಗಿ ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿಟ್ಟುಕೊಂಡ. ಸುತ್ತಿ ಬಂದು, ಕಿಟಕಿಯೊಳಗೆ ಕೈಹಾಕಿ ಕೀಯನ್ನು ಸಾಹೇಬನ ತೊಡೆಯ ಮೇಲಿಟ್ಟ.

"ಸೀಟು ಚೊಕ್ಕಟವಾಗಿದೆ ಸಾರ್. ಬನ್ನಿ, ನೀವೇ ಓಡ್ಸಿ."

ಸಾಹೇಬ ಕೀಯನ್ನು ನೋಡಿದ. ಬೀಗರು ಸಾಹೇಬನನ್ನು ನೋಡಿದರು. ಬೀಗಿತ್ತಿ ಮೊಮ್ಮಗುವನ್ನು ಎದೆಗೆ ಅವಚಿಕೊಂಡು ಮೊದಲು ಇಳಿದಳು. ಅವಳ ಹಿಂದೆ ಒಬ್ಬೊಬ್ಬರೇ. ಕಲ್ಲಿನಂಥ ಬ್ರೇಕಿನ ಗಾಡಿಯಲ್ಲಿ ಸಾಹೇಬ ಒಬ್ಬನೇ ಉಳಿದ. ಪಕ್ಕದ ಡ್ರೈವರ್ ಸೀಟಿಗೆ ಅವನು ಸರಿಯಲಿಲ್ಲ.

"ನಾಳೆಯಿಂದ ಮೂರೂ ಜನ ತಿರುಪೆ ಎತ್ತಬೇಕು, ನೆನಪಿರಲಿ!" ಎಂಬ ಕೂಗು ಬೆನ್ನಿಗೆ ಬಡಿಯುತ್ತಿರಲು ಅವರು ಗೇಟು ದಾಟಿದರು. ರಸ್ತೆಯ ತಿರುವಿನವರೆಗೆ ಡ್ರೈವರ್ ಭಾವನ ಮುಖ ನೋಡದೆ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದ.

"ಅಣ್ಣಾ" ಎಂದಳು ತಂಗಿ. "ಆ ಲಾರಿ?"

ಬುರುಡೆ ನಿಂತ. ಎಡಗೈಯನ್ನು ತೆರೆದು, ಅದರೊಳಗೆ ಏನೋ ಬರೆದಿರುವಂತೆ ನೋಡಿದ.

"ಅದರ ಬ್ರೇಕೂ ನಾನೇ ಹಿಂಗೇ ಸರಿ ಮಾಡಿದ್ದೆ. ಮಾಲೀಕ ಹೇಳ್ದ ಅಂತ. ಎದುರುಗಡೆ ಅಂಗಡೀಲಿ ಟೀ ಕುಡೀತಾ ನಿಂತಿದ್ದೆ, ಅದೇ ಲಾರಿ ಇಳಿಜಾರಲ್ಲಿ ಅಂಗಡಿ ಮೇಲೇ ಬಂತು. ನಾನು ಚರಂಡಿಗೆ ಹಾರ್ದೆ. ಎದ್ದಾಗ ಲೋಟ ಕೈಯಲ್ಲೇ ಇತ್ತು, ಒಂದ್ ಹನಿನೂ ಚೆಲ್ಲಿರ್ಲಿಲ್ಲ. ಅದು ಮಾತ್ರ ನಿಜ."

ಅಂಗೈ ಮುಚ್ಚಿ ಹೇಳಿದ:

"ಟೀ ಕೊಟ್ಟವನು ಇರ್ಲಿಲ್ಲ."