ಬರೆಯದ ಒಂಬತ್ತು ದಿನ

ಪಟ್ಟೆತಲೆಯ ಹೆಬ್ಬಾತು ಬೆಳಗಿನಿಂದ ಬಲೆಯ ಗೂಡಿನೊಳಗೆ ಅತ್ತಿಂದಿತ್ತ ತಿರುಗುತ್ತಿತ್ತು. ಗೂಡಿನ ಹೊರಗೆ ರೇಣುಕಾ ತಿರುಗುತ್ತಿದ್ದಳು. ಗಾಯಗೊಂಡ ಹಕ್ಕಿಗಳನ್ನು ಪಾರ್ವತಿನಗರದ ಮನೆಯ ಹಿತ್ತಲಲ್ಲಿ ಆರೈಕೆ ಮಾಡಿ ಬಿಡುವುದು ಅವಳ ಕೆಲಸ. ಇದರ ರೆಕ್ಕೆ ಕೂಡಿಕೊಂಡಿತ್ತು. ಅರಣ್ಯ ಇಲಾಖೆಯ ಒಪ್ಪಿಗೆಯೂ ಬಂದಿತ್ತು. ಆದರೆ ಹಿಂಡು ಉತ್ತರಕ್ಕೆ ಹೊರಟುಹೋಗಿದ್ದರೆ ಈ ಒಂಟಿ ಹಕ್ಕಿ ಯಾರ ಜೊತೆ ಹಿಮಾಲಯ ದಾಟಬೇಕು?

ಹಕ್ಕಿ ನೋಡುವವರು ದಿನಾ ಫೋನಿನಲ್ಲಿ ಬರೆಯುವ ಪಟ್ಟಿಯೊಂದೇ ಅವಳಿಗೆ ದಾರಿ. ದೇಶನೂರಿನ ಕೆರೆಯ ಹೆಬ್ಬಾತುಗಳನ್ನು ಎಣಿಸುವ ಪಾಲಯ್ಯ ಚಳಿಗಾಲವಿಡೀ ಒಂದು ದಿನವೂ ತಪ್ಪಿಸಿರಲಿಲ್ಲ. ಕೊನೆಗೆ ಬರೆದದ್ದು ಇನ್ನೂರ ಹನ್ನೆರಡು. ಆಮೇಲೆ ಒಂಬತ್ತು ದಿನ ಖಾಲಿ.

ತಡೆಯಲಾರದೆ ಫೋನು ಹಚ್ಚಿದಳು.

"ಏನ್ರೀ ತಾತಾ, ಹಕ್ಕಿ ಹೋದ್ವು ಅಂತ ಒಂದ್ ಮಾತು ಬರೀಬಾರದೇನ್ರಿ? ನಾನಿಲ್ಲಿ ಒದ್ದಾಡಾಕ ಹತ್ತೀನಿ."

"ಹೋದ್ವು ಅಂತ ಯಾರಂದ್ರಮ್ಮಾ? ನಾನು ಕೆರಿ ಕಡೀಗೇ ಹೋಗಿಲ್ಲ" ಎಂದ ಪಾಲಯ್ಯ. "ನಮ್ಮ ಸತ್ಯಮ್ಮ ತೀರಿಕೊಂಡ್ಲು. ಇವತ್ತಿಗೆ ಒಂಬತ್ತು ದಿನ. ಜಳಕ ಮಾಡಿ ಹಕ್ಕಿ ಎಣಿಸಿ ಬರಿಯೋದು ನನಗ ಪೂಜಿ ಇದ್ದಂಗ. ಸೂತಕದಾಗ ಪೂಜಿ ಮಾಡ್ತಾರೇನು?"

ಹೋದಾಗಲೆಲ್ಲ ಮಂಡಕ್ಕಿ ಒಗ್ಗರಣೆ ತಿನ್ನಿಸದೆ ಕಳಿಸದಿದ್ದ ಪಾಲಯ್ಯನ ಹೆಂಡತಿ ಸತ್ಯಮ್ಮ! "ತಪ್ಪಾತು ತಾತಾ" ಎಂದಳು ರೇಣುಕಾ. ಅಷ್ಟರಲ್ಲಿ ಹಕ್ಕಿ ಎದೆಯಿಂದ ಬಲೆಗೆ ಬಡಿಯಿತು. ನಾಚಿಕೆ ಬಿಟ್ಟು ಕೇಳಿದಳು: "ಎಣಸಬ್ಯಾಡ್ರಿ, ಬರೀಬ್ಯಾಡ್ರಿ. ಬರೇ ನೋಡಿ ಬರ್ತೀರೇನು?"

ಫೋನು ಕಟ್ಟಾಯಿತು. ಒಂದು ತಾಸು ಅವಳು ಕೂಡಲಿಲ್ಲ, ನಿಲ್ಲಲಿಲ್ಲ. ಕಡೆಗೆ ಫೋನು ಬಂತು.

"ಅದಾವ" ಎಂದಿತು ಪಾಲಯ್ಯನ ದನಿ. "ಒಂದಽ ಸಮನೆ ಕೂಗಾಕ ಹತ್ಯಾವ. ಇವತ್ತೋ ನಾಳೆಯೋ ಹೊಂಡ್ತಾವ. ಲಗೂನ ಬಾ."

"ಎಷ್ಟದಾವ್ರಿ?"

"ಎಣಸಬ್ಯಾಡ ಅಂದಾಕಿ ನೀನಽ ಅಲ್ಲೇನು?"

ಹಕ್ಕಿಯನ್ನು ಬುಟ್ಟಿಯಲ್ಲಿಟ್ಟುಕೊಂಡು, ಸಿರುಗುಪ್ಪದ ರಸ್ತೆಯಲ್ಲಿ ಅಡ್ಡ ಬಂದ ಭತ್ತದ ಲಾರಿಗಳನ್ನೆಲ್ಲ ಬೈಯುತ್ತ ಅವಳು ದೇಶನೂರು ಮುಟ್ಟಿದಾಗ ಬಿಸಿಲು ಇಳಿದಿತ್ತು. ಪಾಲಯ್ಯ ಕೆರೆಯಂಚಿನಲ್ಲಿ ದೂರ ನಿಂತಿದ್ದ. "ಬುಟ್ಟಿ ನೀನಽ ತೆಗಿಯಮ್ಮಾ, ನಾ ಮುಟ್ಟಂಗಿಲ್ಲ."

ಹೊರಬಂದ ಹೆಬ್ಬಾತು ಕಲ್ಲಿನಂತೆ ನಿಂತುಬಿಟ್ಟಿತು. ನೀರಿನಾಚೆ ಹಿಂಡು ಒಮ್ಮೆಗೇ ಕೂಗಿ ಮೇಲೆದ್ದಿತು. ಹಕ್ಕಿ ಕುತ್ತಿಗೆ ಚಾಚಿ ಓಡಿತು. ರೆಕ್ಕೆ ಒಮ್ಮೆ ವಾಲಿತು, ಮತ್ತೆ ನೆಟ್ಟಗಾಯಿತು. ನೋಡನೋಡುತ್ತ ಅದು ಸಾಲಿನ ತುದಿಗೆ ಸೇರಿಕೊಂಡಿತು.

ಕೂಗು ಅಡಗಿತು. ಕೆಸರಿನಲ್ಲಿ ಅದು ಓಡಿದ ಹೆಜ್ಜೆಗಳಿಗೆ ಒಂದೊಂದಾಗಿ ನೀರು ತುಂಬುತ್ತಿತ್ತು. ಕೊನೆಯ ಹೆಜ್ಜೆಯ ಮುಂದೆ ನುಣುಪು ಕೆಸರು. ಪಾಲಯ್ಯ ಅದನ್ನೇ ನೋಡುತ್ತ ನಿಂತಿದ್ದ.